ಪ್ರೋನೋಟಿನ ಹಿಂಬದಿಯ ಎರಡು ಸಾಲು: ಮೃತ ಸಾಲಗಾರನ ಸ್ವತ್ತಿನಿಂದ ವಸೂಲಾದ ಒಂದು ಪ್ರಕರಣ

2018ರ ಫೆಬ್ರವರಿ ಮೊದಲ ವಾರ ನಿವೃತ್ತ ಶಿಕ್ಷಕಿಯೊಬ್ಬರು ನಮ್ಮ ವಕೀಲಿ ಕಚೇರಿಗೆ ಬಂದರು. ಕೈಯಲ್ಲಿ ಪ್ಲಾಸ್ಟಿಕ್ ಕವರಿನೊಳಗೆ ಜೋಪಾನವಾಗಿಟ್ಟ ಒಂದೇ ಒಂದು ಕಾಗದವಿತ್ತು. ತಮ್ಮ ಮನೆ ಕಟ್ಟಿಕೊಟ್ಟಿದ್ದ ಗುತ್ತಿಗೆದಾರನಿಗೆ ಅವರು ನಿವೃತ್ತಿಯ ಹಣದಲ್ಲಿ 5 ಲಕ್ಷ ರೂಪಾಯಿ ಸಾಲ ಕೊಟ್ಟಿದ್ದರು. ಆತ 2017ರ ಜನವರಿಯಲ್ಲಿ ಹೃದಯಾಘಾತವಾಗಿ ತೀರಿಕೊಂಡಿದ್ದ. "ಗಂಡನನ್ನು ಕಳೆದುಕೊಂಡವಳ ಮುಂದೆ ನಿಂತು ಹಣ ಕೇಳುವುದು ಹೇಗೆ ಸರ್? ಒಂದು ವರ್ಷವಾದರೂ ಕಳೆಯಲಿ ಎಂದು ಸುಮ್ಮನಿದ್ದೆ" ಎಂದರು.

ಆ ಸಂಕೋಚವನ್ನು ನಾನು ತಪ್ಪೆನ್ನಲಾರೆ. ಆದರೆ ದಾವೆ ಹೂಡಲು ಗಡುವು ವಿಧಿಸುವ ಕಾಲಪರಿಮಿತಿ ಕಾಯ್ದೆಗೆ ಸೂತಕವಿಲ್ಲ. ಸಾಲಗಾರ ಬದುಕಿರುವಾಗಲೇ ಓಡತೊಡಗಿದ ಗಡುವು ಅವನು ಸತ್ತನೆಂದು ನಿಲ್ಲುವುದಿಲ್ಲ. ಇಂಥ ಮರ್ಯಾದಸ್ಥರ ಹಣವೇ ಹೆಚ್ಚಾಗಿ ಮುಳುಗುವುದನ್ನು ಕಂಡಿದ್ದೇನೆ. ಆ ಕಾರಣಕ್ಕೇ ಈ ಪ್ರಕರಣವನ್ನು ವಿವರವಾಗಿ ಬರೆಯುತ್ತಿದ್ದೇನೆ. ಹೆಸರು, ಊರು ಬಿಟ್ಟಿದ್ದೇನೆ.

ಕಾಗದವೆಂದರೆ ಒಂದು ಪ್ರೋನೋಟು, ಅಂದರೆ ಹಣ ಮರಳಿ ಕೊಡುವೆನೆಂದು ಸಾಲಗಾರ ಬರೆದುಕೊಟ್ಟ ಪತ್ರ. 2014ರ ಜೂನ್ 16ರ ತಾರೀಖು, 5,00,000 ರೂಪಾಯಿ, ಕೇಳಿದಾಗ ಕೊಡತಕ್ಕದ್ದು, ವರ್ಷಕ್ಕೆ ಶೇಕಡ 12 ಬಡ್ಡಿ, ರೆವಿನ್ಯೂ ಸ್ಟಾಂಪಿನ ಮೇಲೆ ಸಹಿ. "ಕೇಳಿದಾಗ" ಎಂದಿದ್ದರೆ ಕೇಳಿದ ದಿನದಿಂದ ಮೂರು ವರ್ಷ ಎಂದು ಬಹಳ ಮಂದಿ ನಂಬಿದ್ದಾರೆ. ಹಾಗಲ್ಲ. ಇಂಥ ನೋಟಿಗೆ ಮೂರು ವರ್ಷದ ಗಡುವು ಶುರುವಾಗುವುದು ಬರೆದುಕೊಟ್ಟ ದಿನದಿಂದಲೇ. ಆ ಲೆಕ್ಕದಲ್ಲಿ ಗಡುವು 2017ರ ಜೂನ್ 16ಕ್ಕೆ ಮುಗಿದಿತ್ತು. ಮುಂಬದಿಯನ್ನಷ್ಟೇ ಓದಿದ್ದರೆ ಅವರನ್ನು ಬರಿಗೈಯಲ್ಲಿ ಕಳುಹಿಸಬೇಕಾಗುತ್ತಿತ್ತು.

ಕಾಗದವನ್ನು ತಿರುಗಿಸಿದೆ. ಹಿಂಬದಿಯಲ್ಲಿ ನೀಲಿ ಶಾಯಿಯಲ್ಲಿ, ಗಾರೆ ಕೆಲಸದವರ ಒರಟು ಕೈಬರಹದಲ್ಲಿ ಎರಡು ಸಾಲಿತ್ತು: ಬಡ್ಡಿ ಬಾಬ್ತು ರೂ. 60,000 ಕೊಟ್ಟಿರುತ್ತೇನೆ. ಕೆಳಗೆ ಸಹಿ, 20-4-2015. ಈ ಷರಾ ಇಡೀ ಪ್ರಕರಣವನ್ನು ಉಳಿಸಿತು. ಗಡುವಿನೊಳಗೆ ಸಾಲಗಾರ ಬಡ್ಡಿಯನ್ನೋ ಅಸಲಿನ ಭಾಗವನ್ನೋ ಕೊಟ್ಟು, ಅದು ಅವನ ಕೈಬರಹದಲ್ಲಿ ಅಥವಾ ಅವನ ಸಹಿಯಿರುವ ಬರಹದಲ್ಲಿ ಇದ್ದರೆ, ಕೊಟ್ಟ ದಿನದಿಂದ ಹೊಸದಾಗಿ ಮೂರು ವರ್ಷ ಎಂದು 1963ರ ಕಾಲಪರಿಮಿತಿ ಕಾಯ್ದೆಯ 19ನೇ ಕಲಂ ಹೇಳುತ್ತದೆ. ಅಂದರೆ ನಮಗೆ 2018ರ ಏಪ್ರಿಲ್ 20ರವರೆಗೆ ಸಮಯವಿತ್ತು, ಬರೋಬ್ಬರಿ ಹತ್ತು ವಾರ. 2016ರ ಅಕ್ಟೋಬರಿನಲ್ಲಿ ಆತ ಬ್ಯಾಂಕಿನ ಮೂಲಕ ಇನ್ನೂ 40,000 ರೂಪಾಯಿ ಹಾಕಿದ್ದ, ಪಾಸ್‌ಬುಕ್ಕಿನಲ್ಲಿ ನಮೂದಿತ್ತು. ಆದರೆ ಅದರ ಬಗ್ಗೆ ಅವನ ಸಹಿಯ ಬರಹ ಏನೂ ಇರಲಿಲ್ಲ. ಆ ಹಣವನ್ನು ಬಡ್ಡಿಗೆ ಜಮಾ ಮಾಡಿದೆನೇ ಹೊರತು ಗಡುವಿನ ಭಾರವನ್ನು ಅದರ ಮೇಲೆ ಹೊರಿಸಲು ಧೈರ್ಯ ಮಾಡಲಿಲ್ಲ.

ನಮ್ಮಲ್ಲಿಗೆ ಬರುವ ಮೊದಲು ಅವರಿಗೆ ಊರಿನವರಿಂದ ಸಾಕಷ್ಟು ಸಲಹೆ ಸಿಕ್ಕಿತ್ತು. ಸತ್ತವನ ಹೆಸರಿಗೇ ನೋಟಿಸು ಕೊಟ್ಟು ದಾವೆ ಹೂಡಿ ಎಂದು ಒಬ್ಬರು ಹೇಳಿದ್ದರು. ಮೃತನ ಮೇಲೆ ಹೂಡಿದ ದಾವೆ ಹುಟ್ಟಿನಿಂದಲೇ ಅಸಿಂಧು. ಅದನ್ನು ನಂಬಿಕೊಂಡು ಕುಳಿತಿದ್ದರೆ ಗಡುವು ಕೈಬಿಟ್ಟು ಹೋಗುತ್ತಿತ್ತು. ಭದ್ರತೆಗೆಂದು ಆತ ಕೊಟ್ಟಿದ್ದ ಖಾಲಿ ಚೆಕ್ಕನ್ನು ತುಂಬಿ ಬ್ಯಾಂಕಿಗೆ ಹಾಕಿ, ಅಮಾನ್ಯವಾದರೆ ಹೆಂಡತಿಯ ಮೇಲೆ ಕೇಸು ಹಾಕಬಹುದು ಎಂದು ಇನ್ನೊಬ್ಬರು ಹೇಳಿದ್ದರು. ಚೆಕ್ ಅಮಾನ್ಯದ ಅಪರಾಧ ಚೆಕ್ ಬರೆದವನದು. ಅದು ವಾರಸುದಾರರಿಗೆ ಇಳಿಯುವುದಿಲ್ಲ. ಆ ಚೆಕ್ಕನ್ನು ಮುಟ್ಟಬೇಡಿ ಎಂದು ಕೈಮುಗಿದು ಕೇಳಿಕೊಂಡೆ.

ಎಲ್ಲರೂ ಒಕ್ಕೊರಲಿನಿಂದ ಹೇಳಿದ್ದ ಮಾತು ಮಾತ್ರ ಒಂದೇ: "ಅಪ್ಪನ ಸಾಲ ಮಕ್ಕಳು ತೀರಿಸಲೇಬೇಕು." ಹಿಂದೆ ಹಿಂದೂ ಕಾನೂನಿನಲ್ಲಿ ಮಗನ ಧರ್ಮಋಣ ಎಂಬ ತತ್ವವಿತ್ತು, ನಿಜ. 2005ರ ಸೆಪ್ಟೆಂಬರ್ 9ರಿಂದ ಜಾರಿಗೆ ಬಂದ ಹಿಂದೂ ಉತ್ತರಾಧಿಕಾರ ತಿದ್ದುಪಡಿ ಕಾಯ್ದೆ ಅದನ್ನು ಕೈಬಿಟ್ಟಿದೆ. ಆ ದಿನದ ನಂತರ ಮಾಡಿದ ಸಾಲಕ್ಕೆ ಧರ್ಮಋಣವೊಂದನ್ನೇ ಆಧಾರವಾಗಿಟ್ಟು ಮಗ, ಮೊಮ್ಮಗನನ್ನು ಹಿಡಿಯುವಂತಿಲ್ಲ. ಸಾಲಗಾರ ಸತ್ತರೆ ಸಾಲ ಸಾಯುವುದಿಲ್ಲ, ಆದರೆ ಅದು ಹೆಂಡತಿ ಮಕ್ಕಳ ಹೆಗಲಿಗೂ ಏರುವುದಿಲ್ಲ. ಅವನು ಬಿಟ್ಟುಹೋದ ಸ್ವತ್ತಿಗೆ ಅಂಟಿಕೊಂಡಿರುತ್ತದೆ. ವಾರಸುದಾರರ ಕೈಗೆ ಅವನ ಸ್ವತ್ತು ಎಷ್ಟು ಬಂದಿದೆಯೋ ಅಷ್ಟರ ಮಟ್ಟಿಗೆ ಮಾತ್ರ ಅವರು ಜವಾಬ್ದಾರರು. ಸಿವಿಲ್ ಪ್ರಕ್ರಿಯಾ ಸಂಹಿತೆಯ 50 ಮತ್ತು 52ನೇ ಕಲಂಗಳ ತಿರುಳು ಇದು. ಹೀಗಾಗಿ "ಯಾರು ಕೊಡುತ್ತಾರೆ" ಎಂದು ಹುಡುಕುವುದನ್ನು ಬಿಟ್ಟು "ಆತ ಏನು ಬಿಟ್ಟುಹೋಗಿದ್ದಾನೆ" ಎಂದು ಹುಡುಕತೊಡಗಿದೆವು.

ಮೊದಲು ಜನನ ಮರಣ ನೋಂದಣಾಧಿಕಾರಿಯಿಂದ ಮರಣ ಪ್ರಮಾಣಪತ್ರದ ಪ್ರತಿ ಪಡೆದೆವು. ಉಪನೋಂದಣಾಧಿಕಾರಿ ಕಚೇರಿಯಿಂದ ಋಣಭಾರ ಪತ್ರ ತೆಗೆಸಿದಾಗ ಆತನ ಹೆಸರಿನಲ್ಲಿ ಒಂದು ನಿವೇಶನ ಇರುವುದು, ಅದರ ಮೇಲೆ ಅಡಮಾನ ಇಲ್ಲದಿರುವುದು ತಿಳಿಯಿತು. ಕುಟುಂಬ ವಾಸವಿದ್ದ ಮನೆ ಹೆಂಡತಿಯದು. ತವರಿನಿಂದ ಬಂದ ಹಣದಲ್ಲಿ ಆಕೆ ಕೊಂಡದ್ದು. ಅದಕ್ಕೂ ನಮಗೂ ಸಂಬಂಧವಿಲ್ಲ ಎಂದು ಮೊದಲ ದಿನವೇ ಬರೆದಿಟ್ಟುಕೊಂಡೆ. ಪಿಕಪ್ ವಾಹನವನ್ನು ಸಾಲ ಕೊಟ್ಟ ಹಣಕಾಸು ಸಂಸ್ಥೆ ಒಯ್ದು ಮಾರಿತ್ತು. ಮಾರಿದ ಹಣ ಆ ಸಾಲಕ್ಕೇ ಸರಿಹೋಗಿತ್ತು. ಕಾಂಕ್ರೀಟ್ ಮಿಕ್ಸರ್ ಮತ್ತು ಸೆಂಟ್ರಿಂಗ್ ಷೀಟುಗಳು ಮೃತನ ತಮ್ಮನ ಬಳಿ ಇದ್ದವು. ಆತ ಅವನ್ನು ಬಾಡಿಗೆಗೆ ಬಿಟ್ಟು ದುಡಿಸಿಕೊಳ್ಳುತ್ತಿದ್ದ.

ಈ ತಮ್ಮ ವಾರಸುದಾರನಲ್ಲ. ಹೆಂಡತಿ, ಮಕ್ಕಳು ಇರುವಾಗ ತಮ್ಮನಿಗೆ ಪಾಲಿಲ್ಲ. ಆದರೆ ಸಂಹಿತೆಯ 2(11)ನೇ ಕಲಮಿನಲ್ಲಿ ಕಾನೂನುಬದ್ಧ ಪ್ರತಿನಿಧಿ ಎಂಬ ಪದಕ್ಕೆ ಕೊಟ್ಟ ಅರ್ಥ ವಿಶಾಲವಾಗಿದೆ: ಮೃತನ ಸ್ವತ್ತಿನಲ್ಲಿ ಕೈಯಾಡಿಸುವ ಯಾರೇ ಆದರೂ ಅದರೊಳಗೆ ಬರುತ್ತಾರೆ. ಹಾಗಾಗಿ ಹೆಂಡತಿ, ಮದುವೆಯಾದ ಮಗಳು, ಹದಿನೇಳರ ಮಗ, ಇವರ ಜೊತೆಗೆ ತಮ್ಮನನ್ನೂ ಪ್ರತಿವಾದಿ ಮಾಡಿದೆವು.

ದಾವೆಗೆ ಮೊದಲು ಒಂದು ಪತ್ರ ಬರೆದೆ. ನಮ್ಮ ವೃತ್ತಿಯಲ್ಲಿ ವಾಡಿಕೆಯಾಗಿರುವ "ಈ ನೋಟಿಸು ತಲುಪಿದ ಏಳು ದಿನದೊಳಗೆ ಪಾವತಿಸದಿದ್ದರೆ ನಿಮ್ಮ ಮೇಲೆ ಉಗ್ರ ಕ್ರಮ" ಎಂಬ ಧಾಟಿ ವಿಧವೆಯ ಮನೆಗೆ ಹೋಗುವ ಕಾಗದದಲ್ಲಿ ಬೇಡವೆನಿಸಿತು. ಬೇಡ ಎನ್ನಲು ಬರಿಯ ಅನುಕಂಪವಷ್ಟೇ ಕಾರಣವಲ್ಲ. ಆ ಮಾತು ಸುಳ್ಳು ಕೂಡ, ಏಕೆಂದರೆ ಆಕೆಯ ಸ್ವಂತ ದುಡ್ಡು ಕೇಳುವ ಹಕ್ಕು ನಮಗಿರಲಿಲ್ಲ. ಪತ್ರದಲ್ಲಿ ಸಾಲದ ವಿವರ, ನೋಟಿನ ಎರಡೂ ಬದಿಯ ನೆರಳಚ್ಚು, ಜೊತೆಗೆ ಹೀಗೊಂದು ಸಾಲು: ನಿಮ್ಮ ಯಜಮಾನರು ಬಿಟ್ಟುಹೋದ ಸ್ವತ್ತಿನ ಮಿತಿಯಲ್ಲಿ ಮಾತ್ರ ಈ ಬೇಡಿಕೆ, ನಿಮ್ಮ ಸ್ವಂತ ಮನೆ, ಸ್ವಂತ ಗಳಿಕೆಯ ಮೇಲೆ ನಮ್ಮ ಹಕ್ಕೊತ್ತಾಯವಿಲ್ಲ, ವಕೀಲರನ್ನು ಕಂಡು ಸಲಹೆ ಪಡೆಯದೆ ಯಾವ ಕಾಗದಕ್ಕೂ ಸಹಿ ಮಾಡಬೇಡಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಡಿ ಹೆಣ್ಣುಮಕ್ಕಳಿಗೆ ಆದಾಯದ ಮಿತಿಯಿಲ್ಲದೆ ಉಚಿತ ವಕೀಲರು ಸಿಗುತ್ತಾರೆಂದೂ, ತಾಲ್ಲೂಕು ಸಮಿತಿ ಕೋರ್ಟಿನ ಆವರಣದಲ್ಲೇ ಇದೆಯೆಂದೂ ತಿಳಿಸಿದೆ. ಎದುರಾಳಿಗೆ ದಾರಿ ತೋರಿಸಿದಿರಿ ಎಂದು ಸಹೋದ್ಯೋಗಿಗಳು ಆಕ್ಷೇಪಿಸಿದರು. ಸಲಹೆ ಇಲ್ಲದೆ ಹೆದರಿ ಕುಳಿತ ಎದುರಾಳಿಗಿಂತ ಒಳ್ಳೆಯ ವಕೀಲರಿರುವ ಎದುರಾಳಿಯೊಂದಿಗೆ ಲೆಕ್ಕ ಬೇಗ ಮುಗಿಯುತ್ತದೆ ಎಂಬುದು ನನ್ನ ಅನುಭವ.

ಉತ್ತರಕ್ಕೆ ಕಾಯುತ್ತ ಕೂರಲಿಲ್ಲ. ಮಾರ್ಚ್ 16ರಂದು ದಾವೆ ಹೂಡಿದೆವು. ಅಸಲು 5 ಲಕ್ಷ. 2015ರ ಜೂನ್‌ವರೆಗಿನ ಬಡ್ಡಿ ಸಂದಿತ್ತು. ಅಲ್ಲಿಂದ 33 ತಿಂಗಳಿಗೆ 1,65,000. ಅದರಲ್ಲಿ ಬ್ಯಾಂಕಿಗೆ ಬಂದ 40,000 ಕಳೆದು ಒಟ್ಟು 6,25,000 ರೂಪಾಯಿ. ಸಾಲ ಚೆಕ್ಕಿನಲ್ಲಿ ಕೊಟ್ಟಿದ್ದರಿಂದ ಹಣ ತಲುಪಿದ್ದರ ಬಗ್ಗೆ ತಕರಾರೇ ಏಳಲಿಲ್ಲ. ಮಗ ಅಪ್ರಾಪ್ತನಾಗಿದ್ದರಿಂದ ದಾವೆಯ ಮಟ್ಟಿಗೆ ಅವನ ತಾಯಿಯನ್ನೇ ಪಾಲಕಿಯಾಗಿ ನೇಮಿಸಬೇಕೆಂದು ಅರ್ಜಿ ಕೊಟ್ಟೆವು.

ಅದೇ ವಾರ ನಿವೇಶನಕ್ಕೆ ಗಿರಾಕಿ ಹುಡುಕುತ್ತಿದ್ದಾರೆಂಬ ಸುದ್ದಿ ಬಂತು. ಓಡಾಡುತ್ತಿದ್ದವನು ತಮ್ಮ. ದಾವೆ ಬಾಕಿ ಇರುವಾಗ ಮಾರಿದರೂ ಕೊಂಡವನು ತೀರ್ಪಿಗೆ ಬದ್ಧ ಎಂಬ ನಿಯಮವನ್ನು ಕೆಲವರು ಎಲ್ಲ ದಾವೆಗೂ ಅನ್ವಯಿಸಿ ನೆಮ್ಮದಿಯಾಗಿರುತ್ತಾರೆ. ಆ ನಿಯಮ ಸ್ಥಿರಾಸ್ತಿಯ ಹಕ್ಕೇ ಪ್ರಶ್ನೆಯಾಗಿರುವ ದಾವೆಗೆ. ನಮ್ಮದು ಬರಿಯ ಹಣದ ದಾವೆ. ಆದ್ದರಿಂದ ಸಿವಿಲ್ ಪ್ರಕ್ರಿಯಾ ಸಂಹಿತೆಯ 38ನೇ ಆದೇಶದ 5ನೇ ನಿಯಮದಡಿ ತೀರ್ಪಿಗೆ ಮುನ್ನ ಜಪ್ತಿ ಕೋರಿದೆವು. ದಲ್ಲಾಳಿಯೊಬ್ಬರಿಂದ ಅಫಿಡವಿಟ್ ದೊರೆತಿದ್ದರಿಂದ ಆದೇಶವಾಯಿತು. ನಿವೇಶನ ಉಳಿಯಿತು.

ನನ್ನಿಂದ ಆದ ತಪ್ಪನ್ನೂ ಇಲ್ಲಿ ಹೇಳಬೇಕು. ಜೂನಿನಲ್ಲಿ ಬಂದ ಲಿಖಿತ ಹೇಳಿಕೆಯ ಎರಡನೇ ಪುಟದಲ್ಲಿ, ಮೃತನ ತಾಯಿ ಬದುಕಿದ್ದಾರೆ, ಬೇರೆ ಊರಿನಲ್ಲಿ ಮಗಳ ಮನೆಯಲ್ಲಿದ್ದಾರೆ ಎಂದಿತ್ತು. ಹಿಂದೂ ಪುರುಷ ಉಯಿಲು ಬರೆಯದೆ ತೀರಿಕೊಂಡರೆ ಅವನ ತಾಯಿ ಹೆಂಡತಿ ಮಕ್ಕಳಷ್ಟೇ ಮೊದಲ ವರ್ಗದ ವಾರಸುದಾರಳು. ಇಲ್ಲಿ ಆಕೆಗೆ ನಾಲ್ಕರಲ್ಲೊಂದು ಪಾಲು. ಮನೆಯಲ್ಲಿ ಯಾರು ಯಾರಿದ್ದಾರೆ ಎಂದು ಕೇಳಿದ್ದೆನೇ ಹೊರತು ತಾಯಿ ಇದ್ದಾರೆಯೇ ಎಂದು ಕೇಳಿರಲಿಲ್ಲ. ಈಗ ಅವರನ್ನು ಸೇರಿಸಿದರೆ ಅವರ ಮಟ್ಟಿಗೆ ದಾವೆ ಸೇರಿಸಿದ ದಿನ ಹೂಡಿದಂತೆ. ಅಷ್ಟರಲ್ಲಿ ಏಪ್ರಿಲ್ 20 ದಾಟಿತ್ತು. ಕಾಲಪರಿಮಿತಿ ಕಾಯ್ದೆಯ 21ನೇ ಕಲಮಿನಲ್ಲಿ, ಸದ್ಭಾವನೆಯಿಂದಾದ ತಪ್ಪಾದರೆ ನ್ಯಾಯಾಲಯ ಹಿಂದಿನ ದಿನಾಂಕವನ್ನೇ ಎಣಿಸಬಹುದೆಂಬ ವಿನಾಯಿತಿ ಇದೆ. ಅದರಡಿ ಅರ್ಜಿ ಕೊಟ್ಟು, ನಾವು ನಡೆಸಿದ್ದ ವಿಚಾರಣೆಯ ವಿವರವನ್ನೆಲ್ಲ ಮುಂದಿಟ್ಟು ಆ ತಾಯಿಯನ್ನು ಸೇರಿಸಿಕೊಂಡೆವು. ಆ ಎರಡು ತಿಂಗಳು ನನಗೆ ಸರಿಯಾಗಿ ನಿದ್ದೆ ಬಂದಿಲ್ಲ. ಅಲ್ಲಿಂದೀಚೆಗೆ ಮೃತರ ಪ್ರಕರಣದ ಪ್ರತಿ ಕಡತದ ಮೊದಲ ಹಾಳೆಯಲ್ಲಿ "ತಾಯಿ?" ಎಂದು ಬರೆಯುತ್ತೇನೆ.

ಆಗಸ್ಟಿನಲ್ಲಿ ಕಾನೂನು ಸೇವಾ ಸಮಿತಿ ನೇಮಿಸಿದ್ದ ವಕೀಲರೊಂದಿಗೆ ಮೃತನ ಹೆಂಡತಿ ಮಾತುಕತೆಗೆ ಬಂದರು. ನಮ್ಮ ಶಿಕ್ಷಕಿ ಅಷ್ಟು ಹೊತ್ತಿಗೆ ಸ್ವಲ್ಪ ಬಿಗಿಯಾಗಿದ್ದರು. ಆಕೆಗೆ ಗಂಡನ ಜೀವವಿಮೆಯ 8 ಲಕ್ಷ ಬಂದಿದೆ, ಬ್ಯಾಂಕ್ ಖಾತೆಯಲ್ಲಿದ್ದ 1,80,000ವನ್ನು ನಾಮಿನಿಯಾಗಿ ತೆಗೆದುಕೊಂಡಿದ್ದಾರೆ ಎಂಬುದು ಅವರ ಕಿವಿಗೆ ಬಿದ್ದಿತ್ತು. "ಎಂಟು ಲಕ್ಷ ಇಟ್ಟುಕೊಂಡು ಕೊಡುವುದಿಲ್ಲವೆಂದರೆ?" ಎಂದು ನನ್ನನ್ನು ಕೇಳಿದ್ದರು.

ಈ ಎರಡು ಮೊತ್ತಗಳ ಸ್ವಭಾವ ಒಂದೇ ಅಲ್ಲ. ವಿಮೆಯಲ್ಲಿ ಹೆಂಡತಿ ನಾಮಿನಿಯಾಗಿದ್ದರೆ 2015ರ ತಿದ್ದುಪಡಿಯ ನಂತರ ಆ ಹಣದ ಫಲ ಆಕೆಯದೇ ಎಂದು ವಿಮಾ ಕಾಯ್ದೆಯ 39ನೇ ಕಲಂ ಹೇಳುತ್ತದೆ. ಸಾಲಗಾರನ ಜೀವವಿಮೆಯ ಹಣವನ್ನು ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಂ ಜಪ್ತಿಯಿಂದಲೂ ಹೊರಗಿಟ್ಟಿದೆ. ಅದನ್ನು ಮುಟ್ಟುವ ಯೋಚನೆ ಬಿಡಿ ಎಂದೆ. ಬ್ಯಾಂಕ್ ಖಾತೆಯ ಮಾತು ಬೇರೆ. ಅಲ್ಲಿ ನಾಮಿನಿ ಹಣ ಪಡೆಯುವ ಕೈ ಮಾತ್ರ, ಒಡೆತನ ಬರುವುದಿಲ್ಲ. ಸುಪ್ರೀಂ ಕೋರ್ಟ್ 2010ರಲ್ಲಿ ಹೀಗೆಂದೇ ಹೇಳಿದೆ. ಆ 1,80,000 ಮೃತನ ಸ್ವತ್ತು. ಅದರ ಲೆಕ್ಕ ಕೇಳುವ ಹಕ್ಕು ನಮಗಿತ್ತು.

ಕೇಳಿದೆವು. ಆಕೆ ಬಟ್ಟೆಯ ಚೀಲದಿಂದ ಆಸ್ಪತ್ರೆಯ ಬಿಲ್ಲುಗಳನ್ನು ತೆಗೆದು ಮೇಜಿನ ಮೇಲಿಟ್ಟರು: 82,000. ಅಂತ್ಯಕ್ರಿಯೆಗೆ 28,000. ಆಮೇಲೆ ಉದ್ದನೆಯ ಒಂದು ನೋಟ್‌ಬುಕ್ ಹೊರಬಂತು. ರಟ್ಟಿನ ಅಂಚಿಗೆಲ್ಲ ಸಿಮೆಂಟಿನ ಪುಡಿ ಮೆತ್ತಿಕೊಂಡು ಗಟ್ಟಿಯಾಗಿತ್ತು. ಒಳಗೆ ಕೆಲಸದವರ ಹಾಜರಿ: ಎಡಗಡೆ ಹೆಸರು, ಮುಂದೆ ದಿನಕ್ಕೊಂದು ಗೀಟು, ಅರ್ಧ ದಿನಕ್ಕೆ ಅಡ್ಡಗೀಟು, ಶನಿವಾರದ ಬಟವಾಡೆಗೆ ಸುತ್ತು. ಕೊನೆಯ ಪುಟಗಳಲ್ಲಿ ಗೀಟುಗಳಿದ್ದವು, ಸುತ್ತುಗಳಿರಲಿಲ್ಲ. ಆತ ತೀರಿಕೊಂಡ ಮೇಲೆ ಆಕೆ ಆ ಒಂಬತ್ತು ಜನರನ್ನು ಒಬ್ಬೊಬ್ಬರಾಗಿ ಕರೆಸಿ ಕೂಲಿ ಕೊಟ್ಟು, ಪ್ರತಿ ಹೆಸರಿನ ಮುಂದೆ ಸಹಿಯನ್ನೋ ಹೆಬ್ಬೆಟ್ಟನ್ನೋ ಹಾಕಿಸಿಕೊಂಡಿದ್ದರು. ಒಟ್ಟು 46,000. "ಅವರ ಮನೆಯಲ್ಲೂ ಮಕ್ಕಳಿದ್ದರಲ್ಲ ಟೀಚರ್" ಎಂದರು.

ಶಿಕ್ಷಕಿ ಆ ಪುಟಗಳನ್ನು ತಿರುವಿ ನೋಡಿದರು. ಅವರ ಮನೆ ಕಟ್ಟಿದವರ ಹೆಸರುಗಳೂ ಅದರಲ್ಲಿದ್ದವು.

ಆಕೆಗೆ ಕಲಂಗಳು ಗೊತ್ತಿರಲಿಲ್ಲ, ಆದರೆ ಮಾಡಿದ್ದು 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ ಹೇಳುವ ಕ್ರಮದಲ್ಲೇ. ಮೊದಲು ಅಂತ್ಯಕ್ರಿಯೆ ಮತ್ತು ಕೊನೆಯ ಕಾಯಿಲೆಯ ವೆಚ್ಚ. ನಂತರ ಸ್ವತ್ತಿನ ಆಡಳಿತಕ್ಕೆ ತಗಲುವ ಕೋರ್ಟು ಖರ್ಚು. ನಂತರ ಸಾವಿಗೆ ಮುಂಚಿನ ಮೂರು ತಿಂಗಳೊಳಗೆ ದುಡಿದ ಕೂಲಿಕಾರ, ಕುಶಲಕರ್ಮಿ, ಮನೆಗೆಲಸದವರ ಸಂಬಳ. ಆಮೇಲೆಯೇ ಉಳಿದ ಸಾಲಗಳು. ಹಾಗಾಗಿ 1,56,000 ಕ್ರಮಬದ್ಧವಾಗಿ ಖರ್ಚಾದದ್ದೇ. ಉಳಿದದ್ದು 24,000. ಅದನ್ನು ಆಕೆ ಖಾತೆಯಲ್ಲಿ ಹಾಗೇ ಇಟ್ಟಿದ್ದರು.

ಆ ನೋಟ್‌ಬುಕ್ಕಿನಲ್ಲೇ ಇನ್ನೊಂದು ದಾರಿ ಸಿಕ್ಕಿತು. 2016ರ ಡಿಸೆಂಬರಿನಲ್ಲಿ ಮುಗಿಸಿದ ಒಂದು ಕಟ್ಟಡದ ಕೊನೆಯ ಬಿಲ್ಲು 2,40,000 ರೂಪಾಯಿ ಮಾಲೀಕರಿಂದ ಬರಬೇಕಿತ್ತು. ಯಾರಿಗೆ ಕೊಡಲಿ, ಸರ್ಟಿಫಿಕೇಟು ತನ್ನಿ ಎಂದು ಅವರು ತಡೆದಿದ್ದರು. ಅವರ ಮಾತಿನಲ್ಲಿ ತಪ್ಪಿಲ್ಲ: ಮೃತನಿಗೆ ಬರಬೇಕಾದ ಸಾಲಕ್ಕೆ ವಾರಸುದಾರರು ದಾವೆ ಹೂಡಿದರೂ, ಉತ್ತರಾಧಿಕಾರ ಪ್ರಮಾಣಪತ್ರವನ್ನೋ ಅಂಥದ್ದೇ ಇನ್ನೊಂದು ಅಧಿಕಾರಪತ್ರವನ್ನೋ ಹಾಜರುಪಡಿಸದೆ ನ್ಯಾಯಾಲಯ ಡಿಕ್ರಿ ಕೊಡುವಂತಿಲ್ಲ. ಆ ಬಾಕಿಗೂ ಮೂರು ವರ್ಷದ ಗಡುವಿತ್ತು, 2019ರ ಡಿಸೆಂಬರಿಗೆ ಮುಗಿಯುತ್ತಿತ್ತು. ಸಾಲ ಕೊಟ್ಟವರ ವಕೀಲನಾದ ನಾನು ಮತ್ತು ವಾರಸುದಾರರ ವಕೀಲರು ಒಂದೇ ಕಡೆ ಕುಳಿತು ಅರ್ಜಿಯ ವಿವರ ಹೊಂದಿಸಿದೆವು. ಅವರಿಗೆ ಬರಬೇಕಾದದ್ದು ಬಂದರೆ ತಾನೇ ನಮಗೆ ಬರುವುದು. ಪ್ರಮಾಣಪತ್ರ ಕೈಗೆ ಬಂದ ಮೇಲೆ ಮಾಲೀಕರು ಉಳಿದಿದ್ದ ಕೆಲಸದ ಬಾಬ್ತು 40,000 ಹಿಡಿದುಕೊಂಡು 2 ಲಕ್ಷ ಕೊಟ್ಟರು.

ತಮ್ಮ ಮಾತ್ರ ಕೊನೆಯವರೆಗೂ ಹಠ ಹಿಡಿದ. ಅಣ್ಣ ನನಗೇ ಕೊಟ್ಟದ್ದು ಎಂದ. ಮಿಕ್ಸರಿನ ಖರೀದಿ ರಸೀದಿ ಅಣ್ಣನ ಹೆಸರಿನಲ್ಲಿತ್ತು. ಷೀಟುಗಳ ಮೇಲೆ ಅಣ್ಣನ ಹೆಸರಿನ ಮೊದಲಕ್ಷರವನ್ನು ಬಣ್ಣದಲ್ಲಿ ಬರೆದಿದ್ದ ಗುರುತಿತ್ತು. ಅಡ್ಡ ವಿಚಾರಣೆಯ ಹಿಂದಿನ ದಿನ 1,10,000 ಕಟ್ಟಿ ಸಾಮಾನು ತಾನೇ ಇಟ್ಟುಕೊಳ್ಳಲು ಒಪ್ಪಿದ.

ಮಗನಿಗೆ 2018ರ ನವೆಂಬರಿನಲ್ಲಿ ಹದಿನೆಂಟು ತುಂಬಿತು. ಅದುವರೆಗೆ ನಿವೇಶನ ಮಾರಲು ಬೇಡವೆಂದು ನಾವೇ ತಡೆದಿದ್ದೆವು, ಏಕೆಂದರೆ ಅಪ್ರಾಪ್ತನ ಪಾಲು ಮಾರಲು ಪ್ರತ್ಯೇಕ ಅನುಮತಿ, ರಾಜಿಗೆ ಮತ್ತೊಂದು ಅನುಮತಿ ಬೇಕಾಗುತ್ತಿತ್ತು. ಈಗ ಅಜ್ಜಿ, ತಾಯಿ, ಮಗಳು, ಮಗ ನಾಲ್ವರೂ ಸಹಿ ಮಾಡಿ, ನ್ಯಾಯಾಲಯಕ್ಕೆ ಜಂಟಿ ಜ್ಞಾಪನ ಸಲ್ಲಿಸಿ ಜಪ್ತಿ ತೆರವುಗೊಳಿಸಿ, 4,50,000ಕ್ಕೆ ಮಾರಿದರು. ಹರಾಜಿಗೆ ಹೋಗಿದ್ದರೆ ಇಷ್ಟು ಹುಟ್ಟುತ್ತಿರಲಿಲ್ಲ ಎಂದೇ ನನ್ನ ಅಂದಾಜು.

ಅಷ್ಟರಲ್ಲಿ ಸಿಮೆಂಟು, ಕಬ್ಬಿಣ ಸರಬರಾಜು ಮಾಡಿದ್ದ ಅಂಗಡಿಯವರು 3,20,000 ಬಾಕಿಯ ಬಿಲ್ಲು ಹಿಡಿದು ಬಂದರು. ಬಿಲ್ಲುಗಳು ಸರಿಯಾಗಿದ್ದವು. ದಾವೆ ಹೂಡಿದವಳು ನಾನು, ಜಪ್ತಿ ತಂದವಳು ನಾನು, ಅವರಿಗೇಕೆ ಸಮಪಾಲು ಎಂದು ಶಿಕ್ಷಕಿ ಕೇಳಿದ್ದು ಸಹಜವೇ. ಆದರೆ ಮೃತನ ಸ್ವತ್ತಿನ ವಿಚಾರದಲ್ಲಿ ಭಾರತೀಯ ಉತ್ತರಾಧಿಕಾರ ಕಾಯ್ದೆಯ 323ನೇ ಕಲಂ ಸ್ಪಷ್ಟವಾಗಿದೆ: ಆದ್ಯತೆಯ ಬಾಬ್ತುಗಳು ತೀರಿದ ಮೇಲೆ ಸಾಲ ಕೊಟ್ಟ ಒಬ್ಬನಿಗೆ ಇನ್ನೊಬ್ಬನಿಗಿಂತ ಹೆಚ್ಚಿನ ಹಕ್ಕಿಲ್ಲ, ಇದ್ದದ್ದನ್ನು ಪ್ರಮಾಣಕ್ಕೆ ತಕ್ಕಂತೆ ಹಂಚಬೇಕು.

ನಿವೇಶನ 4,50,000, ಬಿಲ್ಲು 2,00,000, ಸಾಮಾನು 1,10,000, ಖಾತೆಯಲ್ಲಿ ಉಳಿದ 24,000, ಒಟ್ಟು 7,84,000. ಪ್ರಮಾಣಪತ್ರದ ಶುಲ್ಕ, ಪತ್ರಿಕಾ ಪ್ರಕಟಣೆ, ಮಾರಾಟದ ವೆಚ್ಚ ಸೇರಿ 34,000 ಕಳೆದರೆ 7,50,000. ಸಾಲ ಎರಡೂ ಸೇರಿ 9,45,000. ನೂರಕ್ಕೆ ಎಪ್ಪತ್ತೊಂಬತ್ತು ರೂಪಾಯಿ ಚಿಲ್ಲರೆ. ಶಿಕ್ಷಕಿಗೆ 4,96,000, ಅಂಗಡಿಯವರಿಗೆ 2,54,000. 2019ರ ಮಧ್ಯದಲ್ಲಿ ಲೋಕ ಅದಾಲತ್ತಿನಲ್ಲಿ ರಾಜಿ ದಾಖಲಾಯಿತು. ಅಲ್ಲಿಯ ತೀರ್ಮಾನಕ್ಕೆ ಸಿವಿಲ್ ಡಿಕ್ರಿಯ ಬಲವಿದೆ, ಮೇಲ್ಮನವಿ ಇಲ್ಲ, ಕಟ್ಟಿದ ಕೋರ್ಟು ಶುಲ್ಕ ಮರಳಿ ಪಡೆಯಲೂ ಅವಕಾಶವಿದೆ. ಉಳಿದ ಬಾಕಿಗೆ ಹೆಂಡತಿ ಮಕ್ಕಳ ಮೇಲೆ ಯಾವ ಹಕ್ಕೂ ಇಲ್ಲವೆಂದು ಸಾಲ ಕೊಟ್ಟ ಇಬ್ಬರೂ ಬರೆದುಕೊಟ್ಟರು. ವಿಮೆಯ ಹಣ, ವಾಸದ ಮನೆ ಆಕೆಗೇ ಉಳಿದವು. ಅಸಲಿಗೆ ನಾಲ್ಕು ಸಾವಿರ ಕಡಿಮೆ, ಬ್ಯಾಂಕಿಗೆ ಬಂದಿದ್ದ 40,000 ಬಿಟ್ಟರೆ ನಾಲ್ಕು ವರ್ಷದ ಬಡ್ಡಿ ಹೋಯಿತು. ಇದಕ್ಕಿಂತ ಹೆಚ್ಚು ತರಲು ಸಾಧ್ಯವಿತ್ತೇ ಎಂದು ಎಷ್ಟೋ ಸಲ ಯೋಚಿಸಿದ್ದೇನೆ. ವಿಮೆಯ ಹಣದ ಮೇಲೆ ಕಣ್ಣಿಟ್ಟು ಹೆದರಿಸಿದ್ದರೆ ಆಕೆ ಬಹುಶಃ ಕೊಡುತ್ತಿದ್ದರು. ಹಾಗೆ ಮಾಡದಿದ್ದುದಕ್ಕೆ ನನಗೆ ವಿಷಾದವಿಲ್ಲ.

ಕಡತದಿಂದ ಮೂಲ ಪ್ರೋನೋಟನ್ನು ಮರಳಿ ಪಡೆದ ದಿನ ಶಿಕ್ಷಕಿ ನನ್ನ ಮೇಜಿನ ಪೆನ್ನು ತೆಗೆದುಕೊಂಡು, ಆತ ಬರೆದಿದ್ದ ಎರಡು ಸಾಲಿನ ಕೆಳಗೆ "ಪೂರ್ತಿ ಚುಕ್ತಾ ಆಗಿದೆ" ಎಂದು ತಮ್ಮ ದುಂಡನೆಯ ಅಕ್ಷರದಲ್ಲಿ ಬರೆದು ಸಹಿ ಹಾಕಿದರು. ಆಮೇಲೆ ಅದನ್ನು ಮೊದಲಿನ ಪ್ಲಾಸ್ಟಿಕ್ ಕವರಿನೊಳಗೇ ಸೇರಿಸಿ ಗುತ್ತಿಗೆದಾರನ ಹೆಂಡತಿಯ ಕೈಗೆ ಕೊಟ್ಟರು.